ಕಾಡಿಗೂ ಒಂದು ಬಿತ್ತುವಟ್ಟ
(ಬಾನುಲಿ ಭಾಷಣ)

ನಮ್ಮ ನಾಡಿನ ಹಳೆಯ ಶಾಸನಗಳನ್ನು ಓದಿದವರಿಗೆ ‘ಬಿತ್ತುವಟ್ಟ’ ಎಂಬ ಮಾತು ಪರಿಚಿತವಾದದ್ದು. ಊರಿಗೆ ಒಂದು ಕೆರೆ ಕಟ್ಟಿಬಿಟ್ಟರೆ ಕೆಲಸ ಮುಗಿಯಿತೆಂದು ನಮ್ಮ ಹಿರಿಯರು ತಿಳಿದಿರಲಿಲ್ಲ. ಏರಿ ಕುಸಿಯುತ್ತದೆ, ತೂಬು ಕೆಡುತ್ತದೆ, ಹೂಳು ತುಂಬುತ್ತದೆ. ವರ್ಷವರ್ಷವೂ ಅದನ್ನು ನೋಡಿಕೊಳ್ಳುವವರು ಬೇಕು, ಅವರಿಗೆ ಕೂಲಿ ಬೇಕು. ಆದ್ದರಿಂದ ಕೆರೆಯ ಕೆಳಗಿನ ಭೂಮಿಯಲ್ಲಿ ಒಂದಿಷ್ಟನ್ನೊ, ಹುಟ್ಟುವಳಿಯಲ್ಲಿ ಒಂದು ಪಾಲನ್ನೊ ಕೆರೆಯ ರಕ್ಷಣೆಗೆಂದೇ ಬಿಟ್ಟುಕೊಡುವ ಪದ್ಧತಿ ಇತ್ತು. ಕಟ್ಟುಕೊಡಗೆ, ದಸವಂದ ಎಂಬ ಬೇರೆ ಹೆಸರುಗಳೂ ಶಾಸನಗಳಲ್ಲಿ ಬರುತ್ತವೆ. ಇದರಲ್ಲಿ ಅರಸನ ಕೈಯೂ ಇತ್ತು, ಊರಿನವರ ಕೈಯೂ ಇತ್ತು, ಧರ್ಮಬುದ್ಧಿಯ ಧನಿಕನ ಕೈಯೂ ಇತ್ತು. ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವವೆಂದು ಈಗ ನಾವು ದೊಡ್ಡ ಹೆಸರಿಟ್ಟು ಕರೆಯುವುದು ಈ ಮಣ್ಣಿಗೆ ಹೊಸದೇನೂ ಅಲ್ಲ.

ಕೆರೆಗೆ ಒಪ್ಪುವ ಈ ನ್ಯಾಯ ಕಾಡಿಗೂ ಒಪ್ಪುತ್ತದೆಯೆ, ನಮ್ಮ ರಾಷ್ಟ್ರೀಯ ಉದ್ಯಾನಗಳ ಪೋಷಣೆಗೆ ಹಣ ಎಲ್ಲಿಂದ ಬರಬೇಕು, ಯಾರಿಂದ ಬರಬೇಕು, ಯಾವ ಕರಾರಿನ ಮೇಲೆ ಬರಬೇಕು ಎಂಬುದೇ ಇಂದಿನ ವಿಚಾರ.

ರಾಷ್ಟ್ರೀಯ ಉದ್ಯಾನಕ್ಕೂ ಬಯಲುಸೀಮೆಯ ರೈತನಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ದಾವಣಗೆರೆಯಿಂದ ಚನ್ನಗಿರಿಯ ಕಡೆಗೆ ಹೋಗುವ ದಾರಿಯಲ್ಲಿ ಹದಡಿ ಎಂಬ ಊರಿದೆ. ಊರಿಗೆ ತನ್ನದೇ ಆದ ಕೆರೆಯುಂಟು. ಆದರೂ ಆ ಸುತ್ತಿನ ಗದ್ದೆ ತೋಟಗಳು ನಂಬಿರುವುದು ಭದ್ರೆಯ ಕಾಲುವೆಯ ನೀರನ್ನು. ಆ ನೀರು ಬರುವುದು ಲಕ್ಕವಳ್ಳಿಯ ಜಲಾಶಯದಿಂದ. ಸುಮಾರು ೭೧ ಟಿ.ಎಂ.ಸಿ. ನೀರು ಹಿಡಿಯುವ, ೧೮೬ ಅಡಿ ಎತ್ತರದವರೆಗೆ ತುಂಬುವ ಆ ಜಲಾಶಯದ ಅಂಚಿನಲ್ಲಿಯೇ ಭದ್ರಾ ಅಭಯಾರಣ್ಯವಿದೆ. ೧೯೯೮ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಇನ್ನೂ ಮೇಲಕ್ಕೆ ಹೋದರೆ, ಭದ್ರೆ ಹುಟ್ಟುವ ಗಂಗಾಮೂಲ ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ. ತುಂಗೆ ಹುಟ್ಟುವುದೂ ಅಲ್ಲಿಯೇ. ಇಬ್ಬರೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಹರಿಹರಕ್ಕೆ ಬರುತ್ತಾರೆ. ದಾವಣಗೆರೆಯ ನಲ್ಲಿಗೂ ಆ ನೀರೇ ಆಧಾರ. ಹೀಗೆ ಹದಡಿಯ ಗದ್ದೆಗೆ ನಿಜವಾದ ತೂಬು ಇರುವುದು ಲಕ್ಕವಳ್ಳಿಯಲ್ಲಲ್ಲ, ಕುದುರೆಮುಖದ ಶೋಲಾ ಕಾಡಿನಲ್ಲಿ, ಅಲ್ಲಿನ ಹುಲ್ಲುಗಾವಲಿನ ಬೇರುಗಳಲ್ಲಿ. ಆ ಬೇರು ಮಣ್ಣನ್ನು ಹಿಡಿದಿದ್ದರೆ ಜಲಾಶಯಕ್ಕೆ ನೀರು ಬರುತ್ತದೆ. ಬಿಟ್ಟರೆ ಹೂಳು ಬರುತ್ತದೆ. ಹೂಳು ತುಂಬಿದ ಜಲಾಶಯದಲ್ಲಿ ನೀರಿಗೆ ಜಾಗ ಕಡಮೆಯಾದಾಗ ಮೊದಲು ಒಣಗುವುದು ಕಾಲುವೆಯ ಕೊನೆಯಲ್ಲಿರುವವನ ಗದ್ದೆ. ಕೊನೆಭಾಗದ ರೈತನ ಕಷ್ಟವನ್ನು ದಾವಣಗೆರೆ, ಹರಿಹರಗಳ ಜನಕ್ಕೆ ನಾನು ಹೇಳಿಕೊಡಬೇಕಾಗಿಲ್ಲ.

ಕಾಡಿಗೆ ಹಣವೇಕೆ, ಮರ ತಾನೇ ಬೆಳೆಯುತ್ತದೆಯಲ್ಲ ಎನ್ನುವವರೂ ಇದ್ದಾರೆ. ಬೆಳೆಯುತ್ತದೆ, ದಿಟ. ಆದರೆ ಬೇಸಗೆಗೆ ಮುಂಚೆ ಬೆಂಕಿರೇಖೆ ಸವರಬೇಕು. ಕಳ್ಳಬೇಟೆಯನ್ನು ತಡೆಯುವ ಶಿಬಿರಗಳಲ್ಲಿ ಮಳೆಗಾಲವೆಲ್ಲ ಜನ ಇರಬೇಕು. ಅವರಿಗೆ ಸೋರದ ಮಾಡು, ಅಕ್ಕಿಬೇಳೆ, ಬೂಟು, ಕಂಬಳಿ, ತಿಂಗಳಿಗೆ ಸರಿಯಾಗಿ ಸಂಬಳ ಬೇಕು. ಲಂಟಾನ ಕೀಳಿಸಬೇಕು. ಆನೆ ಹೊಲಕ್ಕೆ ನುಗ್ಗಿದರೆ ರೈತನಿಗೆ ಪರಿಹಾರ ತಡವಾಗದೆ ಮುಟ್ಟಬೇಕು. ೨೦೧೯ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಬಿದ್ದು ಸಾವಿರಾರು ಎಕರೆ ಕಾಡು ಸುಟ್ಟಿತು. ಅಂಥ ಬೆಂಕಿಯನ್ನು ನಂದಿಸುವುದು ಹಸುರು ಸೊಪ್ಪು ಹಿಡಿದ ದಿನಗೂಲಿಯವನ ಕೈ. ಆ ಕೈಗೆ ಕೂಲಿ ತಪ್ಪಿದರೆ ಎಷ್ಟು ದೊಡ್ಡ ಯೋಜನೆಯಿದ್ದರೂ ಅದು ಕಾಗದದ ಮೇಲೆ ಉಳಿಯುತ್ತದೆ.

ಈ ಖರ್ಚನ್ನು ಹೊರುವ ಮೊದಲ ಹೊಣೆ ಸರ್ಕಾರದ್ದು, ಅದರಲ್ಲಿ ಸಂದೇಹವಿಲ್ಲ. ಆದರೂ ಆರಂಭದಿಂದಲೇ ಸರ್ಕಾರ ಒಂದೇ ಇದನ್ನು ಹೊತ್ತಿಲ್ಲ. ೧೯೭೩ರಲ್ಲಿ ಹುಲಿ ಯೋಜನೆ ಪ್ರಾರಂಭವಾಗಿ ಬಂಡೀಪುರವೂ ಮೊದಲ ಒಂಬತ್ತು ತಾಣಗಳಲ್ಲಿ ಒಂದಾದಾಗ, ವಿಶ್ವ ವನ್ಯಜೀವಿ ನಿಧಿ ಹತ್ತು ಲಕ್ಷ ಡಾಲರುಗಳ ನೆರವನ್ನು ಕೂಡಿಸಿಕೊಡಲು ಮುಂದೆ ಬಂತು. ೧೯೯೦ರ ದಶಕದ ಕೊನೆಯಲ್ಲಿ ನಾಗರಹೊಳೆಯಲ್ಲಿ ವಿಶ್ವಬ್ಯಾಂಕಿನ ಸಹಾಯದಿಂದ ಪರಿಸರಾಭಿವೃದ್ಧಿ ಯೋಜನೆ ನಡೆಯಿತು. ೨೦೦೬ರಲ್ಲಿ ವನ್ಯಜೀವಿ ಕಾಯಿದೆಯನ್ನು ತಿದ್ದಿ, ಒಂದೊಂದು ಹುಲಿ ಸಂರಕ್ಷಿತ ಪ್ರದೇಶಕ್ಕೂ ಒಂದು ಪ್ರತಿಷ್ಠಾನ ಇರಬೇಕೆಂದು ವಿಧಿಸಿದರು. ಪ್ರವಾಸಿಗಳ ಪ್ರವೇಶ ಶುಲ್ಕವೂ ದಾನಿಗಳ ಹಣವೂ ಖಜಾನೆಯ ಸಮುದ್ರದಲ್ಲಿ ಬೆರೆತುಹೋಗದೆ, ಅದೇ ಕಾಡಿಗೆ ಮತ್ತು ಅದರ ಅಂಚಿನ ಹಳ್ಳಿಗಳಿಗೆ ಹಿಂದಿರುಗಲಿ ಎಂಬುದು ಇದರ ಉದ್ದೇಶ. ೨೦೧೩ರ ಕಂಪನಿ ಕಾಯಿದೆಯಂತೆ, ನಿಗದಿತ ಮಟ್ಟವನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಲಾಭದ ಸರಾಸರಿಯಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಕಾಡು, ಪ್ರಾಣಿಪಕ್ಷಿಗಳ ರಕ್ಷಣೆ ಆ ಪಟ್ಟಿಯಲ್ಲಿದೆ. ಹಾಗಾಗಿ ಹಣ ಬರುವ ದಾರಿಗಳಿಗೆ ಕೊರತೆಯಿಲ್ಲ. ಎಚ್ಚರ ಬೇಕಾದದ್ದು ಆ ಹಣದ ಜೊತೆಯಲ್ಲಿ ಬರುವ ಕರಾರುಗಳ ವಿಷಯದಲ್ಲಿ.

ನಮ್ಮ ರಾಜ್ಯದಲ್ಲಿಯೇ ಎರಡು ನಿದರ್ಶನಗಳಿವೆ. ೧೯೮೦ರಲ್ಲಿ ಕರ್ನಾಟಕ ಸರ್ಕಾರವು ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯೊಡನೆ ಕೂಡಿ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಕಟ್ಟಿತು. ಕಬಿನಿಯ ದಡದ ಕಾರಾಪುರದಲ್ಲಿ ಮಹಾರಾಜರ ಕಾಲದ ಬೇಟೆಯ ಬಂಗಲೆ ಪ್ರವಾಸಿಗಳ ತಂಗುದಾಣವಾಯಿತು. ಕೆಲಸ ಬಲ್ಲವರ ಅನುಭವ ಒಂದು ಕಡೆಯದು, ಸರ್ಕಾರದ ಅಧಿಕಾರ ಇನ್ನೊಂದು ಕಡೆಯದು. ೧೯೮೭ರಲ್ಲಿ ಖಾಸಗಿಯವರು ತಮ್ಮ ಪಾಲನ್ನು ಬಿಟ್ಟುಕೊಟ್ಟು ಹೊರಟಾಗ ಸಂಸ್ಥೆ ಪೂರ್ತಿಯಾಗಿ ಸರ್ಕಾರದ್ದಾಯಿತು. ವಿದ್ಯೆ ನಮ್ಮಲ್ಲಿ ಉಳಿಯಿತು.

ಎರಡನೆಯದು ನಾಗರಹೊಳೆಯ ಮುರ್ಕಲ್‌ನದು. ಉದ್ಯಾನದ ಒಳಗಿದ್ದ ಅರಣ್ಯ ಇಲಾಖೆಯ ಕಟ್ಟಡಗಳನ್ನು ತಾಜ್ ಸಮೂಹದ ಹೋಟೆಲು ಕಂಪನಿಗೆ ಗುತ್ತಿಗೆಗೆ ಕೊಡಲಾಯಿತು. ತಲೆತಲಾಂತರದಿಂದ ಆ ಕಾಡಿನಲ್ಲಿದ್ದ ಆದಿವಾಸಿಗಳು ಕೇಳಿದ ಪ್ರಶ್ನೆ ಸರಳವಾದದ್ದು: ಕಾಡನ್ನು ಕಾಯುವ ಸಲುವಾಗಿ ನಾವು ಹೊರಗೆ ಹೋಗಬೇಕಾದರೆ, ಹೋಟೆಲು ಒಳಗೆ ಬರುವುದು ಹೇಗೆ? ಅವರ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹೀಗೆ ಗುತ್ತಿಗೆ ಕೊಟ್ಟದ್ದು ಅರಣ್ಯ ಕಾನೂನಿಗೆ ವಿರುದ್ಧವೆಂದು ೧೯೯೭ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಅಂಚಿನಲ್ಲಿ ನಿಂತು ಕೈಜೋಡಿಸುವುದು ಒಂದು, ಒಳಗೆ ಹೋಗಿ ಕಾಡನ್ನೇ ಬಂಡವಾಳ ಮಾಡಿಕೊಳ್ಳುವುದು ಇನ್ನೊಂದು.

ಹಾಗೆಂದು ಖಾಸಗಿಯೆಂದರೆ ಲೋಭ, ಸರ್ಕಾರಿಯೆಂದರೆ ಧರ್ಮ ಎಂದು ಗೆರೆ ಎಳೆಯುವಂತೆಯೂ ಇಲ್ಲ. ಕುದುರೆಮುಖದಲ್ಲಿ ಬೆಟ್ಟವನ್ನು ಅಗೆದದ್ದು ೧೯೭೬ರಲ್ಲಿ ಸ್ಥಾಪನೆಯಾದ ಸರ್ಕಾರದ್ದೇ ಅದಿರು ಕಂಪನಿ. ಅಲ್ಲಿನ ಮಣ್ಣು ಭದ್ರೆಯ ನೀರಿನಲ್ಲಿ ಹರಿದುಬರುತ್ತಿದ್ದಾಗ ಮೊಕದ್ದಮೆ ಹೂಡಿದವರು, ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ದುಡಿದು ನಿವೃತ್ತರಾಗಿದ್ದ ಕೆ. ಎಂ. ಚಿಣ್ಣಪ್ಪನವರು. ೨೦೦೨ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂತು. ೨೦೦೫ರ ಕೊನೆಗೆ ಗಣಿ ನಿಂತಿತು. ಸಹಭಾಗಿತ್ವವೆಂದರೆ ಹಣ ಕೊಡುವುದಷ್ಟೇ ಅಲ್ಲ, ‘ಇದು ಸರಿಯಲ್ಲ’ ಎಂದು ಹೇಳುವ ಹಕ್ಕೂ ಅದರಲ್ಲಿ ಸೇರಿದೆ.

ಸರ್ಕಾರವೂ ಸ್ವಯಂಸೇವಕರೂ ಒಂದೇ ಮನಸ್ಸಿನಿಂದ ದುಡಿದರೆ ಏನಾಗಬಹುದೆಂಬುದಕ್ಕೆ ಭದ್ರಾ ಅಭಯಾರಣ್ಯವೇ ಸಾಕ್ಷಿ. ೨೦೦೧-೦೨ರ ಸುಮಾರಿನಲ್ಲಿ ಅದರ ಒಳಗಿದ್ದ ಹಳ್ಳಿಗಳ ನಾನ್ನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದು ಎಂ. ಸಿ. ಹಳ್ಳಿ, ಕೆಳಗೂರುಗಳಲ್ಲಿ ನೆಲೆಸಿದವು. ಹಣ ಕೇಂದ್ರ ಮತ್ತು ರಾಜ್ಯ ಸರ್ಕಾರಗಳದ್ದು. ಆದರೆ ಜನರ ಜೊತೆ ಕುಳಿತು ಮಾತನಾಡಿ, ಭೂಮಿಯ ಕಾಗದಪತ್ರ ಕೈಗೆ ಬರುವವರೆಗೆ ಕಛೇರಿಯಿಂದ ಕಛೇರಿಗೆ ಜೊತೆಯಲ್ಲಿ ತಿರುಗಿದವರಲ್ಲಿ ಚಿಕ್ಕಮಗಳೂರಿನ ವನ್ಯಜೀವಿಪ್ರೇಮಿಗಳೂ ಇದ್ದರು. ನೆಲ ಬಿಟ್ಟು ಬರುವ ನೋವು ಹಣದಿಂದ ತೀರುವಂಥದಲ್ಲ. ಆದರೂ ದೇಶದ ಇತರ ಕಡೆಗಳಿಗೆ ಹೋಲಿಸಿದರೆ ಅದು ಮರ್ಯಾದೆಯಿಂದ ನಡೆದ ಕೆಲಸವೆಂದು ಹೆಸರು ಪಡೆದಿದೆ.

ಹೊರದೇಶದ ಒಂದು ಉದಾಹರಣೆಯನ್ನೂ ಹೇಳಬಹುದು. ಅಮೆರಿಕದ ಗ್ರೇಟ್ ಸ್ಮೋಕಿ ಪರ್ವತಗಳಲ್ಲಿ ರಾಷ್ಟ್ರೀಯ ಉದ್ಯಾನ ಮಾಡಬೇಕಾದಾಗ ಆ ಭೂಮಿಯೆಲ್ಲ ಮರದ ಕಂಪನಿಗಳ, ಸಣ್ಣ ರೈತರ ಕೈಯಲ್ಲಿತ್ತು. ಟೆನೆಸ್ಸೀ ಮತ್ತು ಉತ್ತರ ಕ್ಯಾರೊಲೈನಾ ರಾಜ್ಯಗಳು ಇಪ್ಪತ್ತು ಇಪ್ಪತ್ತು ಲಕ್ಷ ಡಾಲರುಗಳನ್ನು ಕೊಟ್ಟವು. ಶಾಲೆಯ ಮಕ್ಕಳು ಪುಡಿಕಾಸು ಕೂಡಿಸಿದರು. ೧೯೨೮ರಲ್ಲಿ ರಾಕ್‌ಫೆಲ್ಲರ್ ಮನೆತನದ ನಿಧಿಯಿಂದ ಐವತ್ತು ಲಕ್ಷ ಡಾಲರು ಬಂತು. ೧೯೩೪ರಲ್ಲಿ ಉದ್ಯಾನ ಸ್ಥಾಪನೆಯಾಯಿತು. ಅಷ್ಟು ಕೊಟ್ಟ ಮನೆತನ ಆ ಉದ್ಯಾನದ ಯಜಮಾನಿಕೆಯನ್ನು ಕೇಳಲಿಲ್ಲ. ಹುಡುಗನ ಕಾಸಿಗೂ ಧನಿಕನ ಲಕ್ಷಕ್ಕೂ ಅಲ್ಲಿ ಒಂದೇ ಹಕ್ಕು: ಬಂದು ನೋಡುವ ಹಕ್ಕು.

ಈ ಗುಣವನ್ನು ಕಾಣಲು ದಾವಣಗೆರೆಯವರು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಊರಿನ ಜಿಲ್ಲಾ ಆಸ್ಪತ್ರೆ ಚಿಗಟೇರಿ ಮನೆತನದ ಹೆಸರನ್ನು ಹೊತ್ತಿದೆ. ರಾಜನಹಳ್ಳಿ ಮನೆತನದ ಹೆಸರಿನಲ್ಲಿ ಕಾಲೇಜೂ ಛತ್ರವೂ ಇವೆ. ದಾನಿಯ ಹೆಸರು ಬಾಗಿಲ ಮೇಲಿರುತ್ತದೆ; ಆದರೆ ಯಾವ ರೋಗಿಗೆ ಯಾವ ಔಷಧಿಯೆಂಬುದನ್ನು ವೈದ್ಯನೇ ನಿರ್ಧರಿಸುತ್ತಾನೆ. ಕಾಡಿನ ವಿಷಯದಲ್ಲಿಯೂ ಇದೇ ನಿಯಮವಿರಬೇಕು. ಹಣ ಯಾರದ್ದಾದರೂ ಆಗಲಿ, ಕಾಡಿನೊಳಗೆ ಏನು ಆಗಬೇಕು, ಏನು ಆಗಬಾರದು ಎಂಬ ತೀರ್ಮಾನ ಕಾನೂನಿನದು, ಬಲ್ಲವರದು, ಆ ಕಾಡನ್ನು ನಂಬಿ ಬದುಕುವವರದು.

ಇನ್ನೊಂದು ತೊಡಕಿದೆ. ದಾನದ ಹಣ ಹುಲಿಯ ಚಿತ್ರವಿರುವಲ್ಲಿಗೆ ಓಡುತ್ತದೆ. ದಾವಣಗೆರೆ ಜಿಲ್ಲೆಯದೇ ಆದ ಜಗಳೂರು ತಾಲೂಕಿನಲ್ಲಿ, ಕೊಂಡುಕುರಿಗಾಗಿ ೨೦೧೧ರಲ್ಲಿ ಘೋಷಿತವಾದ ರಂಗಯ್ಯನದುರ್ಗ ಅಭಯಾರಣ್ಯವಿದೆ. ವಿಸ್ತಾರ ಸುಮಾರು ೭೭ ಚದರ ಕಿಲೋಮೀಟರು. ನಾಲ್ಕು ಕೊಂಬಿನ ಆ ಸಣ್ಣ ಪ್ರಾಣಿ ನಾಚಿಕೆಯದು. ಪ್ರವಾಸಿಗಳ ಜೀಪಿನ ಮುಂದೆ ಬಂದು ನಿಲ್ಲುವುದಿಲ್ಲ. ಹೋಟೆಲು ಕಟ್ಟುವವರಿಗೆ ಅದರಲ್ಲಿ ಲಾಭವಿಲ್ಲ, ಪ್ರವೇಶ ಶುಲ್ಕದಿಂದ ಅದು ಬದುಕಲಾರದು. ಶುಲ್ಕದ ಮೇಲೆಯೇ ನಿಂತರೆ ಏನಾಗುತ್ತದೆಂಬುದನ್ನು ೨೦೨೦ರಲ್ಲಿ ಕಂಡೆವು. ಸೋಂಕಿನ ಭಯದಿಂದ ಬಾಗಿಲು ಮುಚ್ಚಿದಾಗ ಮೈಸೂರಿನ ಮೃಗಾಲಯಕ್ಕೂ ಮೇವಿನ ಚಿಂತೆಯಾಯಿತು. ಆಗ ಕೈಹಿಡಿದದ್ದು ಸಾರ್ವಜನಿಕರ ದೇಣಿಗೆ, ಮತ್ತು ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಪದ್ಧತಿ.

ಆದ್ದರಿಂದ ನನ್ನ ಸೂಚನೆ ಇಷ್ಟು. ಭದ್ರಾ ಅಚ್ಚುಕಟ್ಟಿನಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ದಾವಣಗೆರೆ, ಹರಿಹರಗಳ ಸುತ್ತ ಅಕ್ಕಿಯ ಗಿರಣಿಗಳಿವೆ, ಸಕ್ಕರೆ ಕಾರ್ಖಾನೆಗಳಿವೆ, ನೀರು ಕುಡಿಯುವ ನಗರಗಳಿವೆ. ಇವರೆಲ್ಲ ಸೇರಿ ಸುಗ್ಗಿಗೊಮ್ಮೆ ಒಂದು ಪಾಲನ್ನು ಮೇಲಿನ ಕಾಡಿಗೆಂದು ತೆಗೆದಿಡಲಿ. ಮಠಕ್ಕೆ ಹಿಡಿಕಾಳು ಕೊಡುವ ಜನ ನಾವು. ಇದು ಅಷ್ಟೇ ಇರಲಿ, ಬಲವಂತ ಬೇಡ. ಹೆಚ್ಚು ನೀರು ಬಳಸುವವನು ಹೆಚ್ಚು ಕೊಡಲಿ. ಗಿರಣಿ, ಕಾರ್ಖಾನೆ, ನಗರಸಭೆಗಳು ಮೊದಲು ಕೊಡಲಿ. ಜನರ ಒಂದು ರೂಪಾಯಿಗೆ ಸರ್ಕಾರ ಒಂದು ರೂಪಾಯಿ ಸೇರಿಸಲಿ. ತಾನು ಕೊಡುತ್ತಿರುವುದನ್ನು ಕಡಮೆ ಮಾಡಿ ಅಲ್ಲ, ಅದರ ಮೇಲೆ.

ಆ ಹಣಕ್ಕೆ ನಾಲ್ಕು ಕಟ್ಟುಪಾಡುಗಳಿರಲಿ. ಮೊದಲನೆಯದು, ಅದು ಬೆಂಕಿ ಕಾಯುವವನ ಕೂಲಿಗೆ, ಶಿಬಿರದ ಮಾಡಿಗೆ, ಬೆಳೆಹಾನಿಯ ಪರಿಹಾರಕ್ಕೆ ಹೋಗಲಿ. ಶಂಕುಸ್ಥಾಪನೆಯ ಕಲ್ಲಿಗೆ, ಸ್ವಾಗತದ ಕಮಾನಿಗೆ ಬೇಡ. ಎರಡನೆಯದು, ಒಂದು ವರ್ಷದ ಉತ್ಸಾಹವಾಗದೆ ಹತ್ತು ವರ್ಷದ ಒಪ್ಪಂದವಾಗಲಿ. ಮೂರನೆಯದು, ಕೊಟ್ಟವನಿಗೆ ಕಾಡಿನಲ್ಲಿ ಜಾಗವಾಗಲಿ ಗುತ್ತಿಗೆಯಾಗಲಿ ದೊರೆಯಕೂಡದು. ನಾಲ್ಕನೆಯದು, ಲೆಕ್ಕವನ್ನು ಕನ್ನಡದಲ್ಲಿ ಬರೆದು ಸಹಕಾರ ಸಂಘದ ಬಾಗಿಲಿಗೂ ಗ್ರಾಮ ಪಂಚಾಯಿತಿಯ ಗೋಡೆಗೂ ಅಂಟಿಸಲಿ. ಓದಿ ನೋಡಿ ಕೇಳುವವನಿದ್ದರೆ ಮಾತ್ರ ಸಹಭಾಗಿತ್ವ. ಇಲ್ಲದಿದ್ದರೆ ಅದು ಬರಿಯ ವಸೂಲಿ.

‘ನೀರೇ ಕೊನೆಗೆ ಮುಟ್ಟವಲ್ದು, ಕಾಡಿಗೆ ಏನ್ ಕೊಡಾನ್ರಿ?’ ಎಂದು ರೈತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕಾಲುವೆಯ ಮೇಲುಗಡೆ ಅಕ್ರಮವಾಗಿ ನೀರೆತ್ತುವುದನ್ನು ತಡೆಯದೆ ಕೆಳಗಿನವನಿಂದ ಕೇಳಹೋಗುವುದು ಸರಿಯಲ್ಲ. ಎರಡೂ ಕೆಲಸ ಜೊತೆಯಲ್ಲಿ ನಡೆಯಬೇಕು. ಆದರೆ ಕಾಡು ಬಡವಾದರೆ ಅದರ ನಷ್ಟವನ್ನು ಮೊದಲು ಉಣ್ಣುವವನೂ ಆ ಕೊನೆಯ ರೈತನೇ. ಆದ್ದರಿಂದಲೇ, ಕಾಡಿನ ಹಣದ ಲೆಕ್ಕವನ್ನು ಕೇಳುವ ಮೇಜಿನ ಸುತ್ತ ಅಧಿಕಾರಿಗೆ, ಕಂಪನಿಯವರಿಗೆ, ಪ್ರವಾಸಿಗಳಿಗೆ ಕುರ್ಚಿ ಹಾಕುವಾಗ ಅವನಿಗೂ ಒಂದು ಕುರ್ಚಿ ಬೇಕು. ಆ ಕುರ್ಚಿಯ ಬೆಲೆಯೇ ಬಿತ್ತುವಟ್ಟ. ಕೊಟ್ಟ ಪಾಲು ಹಿಡಿಯಷ್ಟೇ ಇರಬಹುದು. ಅದರಿಂದ ಬರುವ ಅಧಿಕಾರ ಸಣ್ಣದಲ್ಲ. ಕೆರೆಯ ಏರಿಯನ್ನು ತಮ್ಮದೆಂದು ಕಾಯ್ದ ಜನ, ನದಿಯ ಏರಿಯಾಗಿ ನಿಂತಿರುವ ಕುದುರೆಮುಖದ ಬೆಟ್ಟಗಳನ್ನೂ ತಮ್ಮದೆಂದು ತಿಳಿಯುವ ಕಾಲ ಬಂದಿದೆ.