ಕಿಸೆಯೊಳಗಿನ ಕ್ಯಾಮೆರಾ, ಎರೆಯ ಬಯಲು



ಪರಿಸರದ ಛಾಯಾಚಿತ್ರವೆಂದೊಡನೆ ಘಟ್ಟದ ಜನರ ಕಣ್ಣಿಗೆ ಮಂಜು ಕವಿದ ಶೋಲೆ, ಧುಮ್ಮಿಕ್ಕುವ ಜಲಪಾತ, ಅತ್ತಿಯ ಮರದ ಮೇಲಿನ ಮಂಗಟ್ಟೆ ಹಕ್ಕಿ ಕಾಣುತ್ತವೆ. ಅಣ್ಣಿಗೇರಿಯ ಬಯಲಿನಲ್ಲಿ ಇವಾವುವೂ ಇಲ್ಲ. ಇಲ್ಲಿರುವುದು ದಿಗಂತದವರೆಗೆ ಹಾಸಿದ ಕರಿಮಣ್ಣು, ಹಿಂಗಾರಿನ ಕಡಲೆ ಮತ್ತು ಜೋಳ, ಬದುವಿನ ಮೇಲೊಂದು ಬೇವು ಅಥವಾ ಬನ್ನಿ, ಮಳೆಗಾಲದಲ್ಲಿ ಮಾತ್ರ ಮೈತುಂಬುವ ಹಳ್ಳ. ಇಂಥಲ್ಲಿ ಫೋಟೋ ತೆಗೆಯುವಂಥದ್ದು ಏನಿದೆ ಎಂಬ ಪ್ರಶ್ನೆ ಸಹಜವೇ. ಅದಕ್ಕೆ ಉತ್ತರ ದೊರೆತರೆ ಯಾವ ಕ್ಯಾಮೆರಾ ಕೊಳ್ಳಬೇಕೆಂಬ ಎರಡನೆಯ ಪ್ರಶ್ನೆಯೂ ಬಹುಪಾಲು ಬಗೆಹರಿಯುತ್ತದೆ. ಹೊಸಬರು ಸಾಮಾನ್ಯವಾಗಿ ಎರಡನೆಯದನ್ನು ಮೊದಲು ಕೇಳಿ ಹಣ ಕಳೆದುಕೊಳ್ಳುತ್ತಾರೆ.

ಧಾರವಾಡ ಸೀಮೆಗೆ ಕ್ಯಾಮೆರಾ ಬಂದದ್ದು ತಡವಾಗಿಯೇನೂ ಅಲ್ಲ. 1855ರಲ್ಲಿ ಮುಂಬಯಿ ಸರ್ಕಾರ ಕರ್ನಲ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಇಲ್ಲಿಯ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವರ ನಂತರ ಡಾ. ಪಿಗೂ ಆ ಕೆಲಸವನ್ನು ಮುಂದುವರಿಸಿದರು. ಇವರಿಬ್ಬರ ಮತ್ತು ನೀಲ್ ಎಂಬವರ ಚಿತ್ರಗಳು ಮೆಡೋಸ್ ಟೇಲರ್ ಅವರ ಬರಹದೊಡನೆ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಹೊರಬಂದವು. ಆ ಕಾಲದ ಪೆಟ್ಟಿಗೆ, ಮುಕ್ಕಾಲಿ, ರಾಸಾಯನಿಕಗಳು ಒಬ್ಬರ ಕಿಸೆಯಲ್ಲಿ ಹಿಡಿಯುವಂಥವಲ್ಲ. ಅಂಥ ಕ್ಯಾಮೆರಾ ಗುಡಿಗೆ ಹೋಗುತ್ತದೆ, ಹೊಲಕ್ಕೆ ಹೋಗುವುದಿಲ್ಲ. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಧಾರವಾಡದ ಕಂಬಗಳ ಕೆತ್ತನೆಯನ್ನು ಇಂದೂ ಪರಿಶೀಲಿಸಬಹುದು. ಅದೇ ಕಾಲದ ಕೆರೆಯ ಅಂಗಳ ಹೇಗಿತ್ತು, ಹಳ್ಳದ ದಂಡೆಯಲ್ಲಿ ಯಾವ ಮರಗಳಿದ್ದವು ಎಂದು ಕೇಳಿದರೆ ತೋರಿಸಲು ಸಿಗುವುದು ಅತ್ಯಲ್ಪ.

ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಮಧ್ಯಮ ವರ್ಗದ ಮನೆಗಳಿಗೆ ಬಂದಾಗ ಒಂದು ರೋಲಿಗೆ ಹನ್ನೆರಡೇ ಚಿತ್ರ. ಹನ್ನೆರಡೂ ಮದುವೆ, ಜಾತ್ರೆ, ತೊಟ್ಟಿಲಿಗೆ ಮುಗಿಯುತ್ತಿದ್ದವು. ಡಿಜಿಟಲ್ ಕಾಂಪ್ಯಾಕ್ಟ್ ಈ ಜಿಪುಣತನವನ್ನು ಕೊನೆಗಾಣಿಸಿತು. ಅದರ ವೈಭವವೂ ದೀರ್ಘವಾಗಿರಲಿಲ್ಲ. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಎಲ್ಲ ಬಗೆಯ ಡಿಜಿಟಲ್ ಕ್ಯಾಮೆರಾಗಳೂ ಸೇರಿ 12 ಕೋಟಿಗೂ ಹೆಚ್ಚು ರವಾನೆಯಾದವು. 2023ರಲ್ಲಿ ಆ ಸಂಖ್ಯೆ 80 ಲಕ್ಷವನ್ನೂ ಮುಟ್ಟಲಿಲ್ಲ. ಉಳಿದದ್ದನ್ನು ಮೊಬೈಲ್ ನುಂಗಿತು.

ಆದುದರಿಂದ ಮೊದಲ ಮಾತು: ಕೈಯಲ್ಲಿ ಒಳ್ಳೆಯ ಮೊಬೈಲ್ ಇದ್ದವರು ಒಡನೆಯೇ ಏನನ್ನೂ ಕೊಳ್ಳಬೇಕಾಗಿಲ್ಲ. ಅಗ್ಗದ ಕಾಂಪ್ಯಾಕ್ಟ್‌ಗಳ ಸೆನ್ಸರ್ ಸುಮಾರು 6 ಮಿಲಿಮೀಟರ್ ಅಗಲ, 4.5 ಮಿಲಿಮೀಟರ್ ಎತ್ತರ, ಕಡಲೆಕಾಳಿಗಿಂತ ದೊಡ್ಡದೇನಲ್ಲ. ಇಂದಿನ ಅನೇಕ ಮೊಬೈಲ್‌ಗಳ ಮುಖ್ಯ ಸೆನ್ಸರ್ ಅದಕ್ಕಿಂತ ದೊಡ್ಡದು. ಬಯಲಿನ ವಿಸ್ತಾರ ನೋಟಕ್ಕೆ, ಸಂಜೆಯ ಬೆಳಕಿಗೆ ಮೊಬೈಲೇ ಮೇಲು. ಒಂದು ಅಂಗುಲದ್ದೆಂದು ಕರೆಯುವ ಸೆನ್ಸರ್ ಉಳ್ಳ ಕಾಂಪ್ಯಾಕ್ಟ್‌ಗಳು ವಿಸ್ತೀರ್ಣದಲ್ಲಿ ಹಳೆಯವುಗಳ ನಾಲ್ಕರಷ್ಟಿವೆ, ಚಿತ್ರವೂ ಚೆಲುವಾಗಿರುತ್ತದೆ. ಬೆಲೆ ಮಾತ್ರ ಹೊಸಬರಿಗೆ ಹೇಳುವಂಥದ್ದಲ್ಲ. ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗುವುದಂತೂ ಬೇಡ. ಎ4 ಕಾಗದದಷ್ಟು ದೊಡ್ಡ ಅಚ್ಚಿಗೆ 8 ಮೆಗಾಪಿಕ್ಸೆಲ್ ಸಾಕು.

ಕಾಂಪ್ಯಾಕ್ಟ್‌ಗೆ ಉಳಿದಿರುವ ನಿಜವಾದ ಬಲ ಗಾಜಿನ ಜೂಮ್, ಅಂದರೆ ಆಪ್ಟಿಕಲ್ ಜೂಮ್. ಡಿಜಿಟಲ್ ಜೂಮ್ ಎಂಬುದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು, ಅದಕ್ಕೆ ಹಣ ಕೊಡಬೇಕಾಗಿಲ್ಲ. ಅಣ್ಣಿಗೇರಿಯಿಂದ ಬಹುದೂರವಲ್ಲದ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲವೂ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಯನ್ನು ಸೇರಿತು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಸಿಕ್ಕಿವೆ. ಆ ಪಟ್ಟಿಯ ಮೇಲಿನ ಅಕ್ಷರಗಳು ಓದುವಂತಿದ್ದರೆ ಚಿತ್ರ ಕೊಂಚ ಮಸುಕಾಗಿದ್ದರೂ ಒಂದು ಹಕ್ಕಿಯ ಸಾವಿರಾರು ಕಿಲೋಮೀಟರ್ ಪಯಣಕ್ಕೆ ಅದು ದಾಖಲೆ. ಮೊಬೈಲ್ ಹಿಡಿದವರು ಇದೇ ಅಕ್ಷರಗಳಿಗಾಗಿ ದಂಡೆಯಿಳಿದು ಹಿಂಡನ್ನು ಎಬ್ಬಿಸಿಬಿಡುತ್ತಾರೆ. 20ರಿಂದ 30 ಪಟ್ಟು ಜೂಮ್ ಇರುವ ಸಾಧಾರಣ ಕ್ಯಾಮೆರಾ ಅವರನ್ನು ದಂಡೆಯ ಮೇಲೆಯೇ ಕೂಡಿಸುತ್ತದೆ.

ಹಕ್ಕಿಯ ವಿಷಯ ಎಲ್ಲರಿಗೂ ಇಷ್ಟ. ಆದರೆ ಅಣ್ಣಿಗೇರಿಯ ಹೆಸರು ಹೆಚ್ಚು ದೂರ ಹೋಗಿರುವುದು ಕಡಲೆಯಿಂದ. ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದ ‘ಅಣ್ಣಿಗೇರಿ-1’ ತಳಿ ದಶಕಗಳ ಕಾಲ ರೈತರ ಕೈಬಿಡದೆ ಉಳಿಯಿತು. ಸೊರಗು ರೋಗ ತಡೆಯುವ ಗುಣವನ್ನು ಸೇರಿಸಿ ರೂಪಿಸಿದ ‘ಸೂಪರ್ ಅಣ್ಣಿಗೇರಿ-1’ ಅದರ ಮುಂದಿನ ಪೀಳಿಗೆ. ಬೆಳೆ ಬಾಡಿದಾಗ ರೈತರು ವಿಜ್ಞಾನಿಗಳಿಗೆ ಕಳಿಸುವ ಚಿತ್ರದಲ್ಲಿ ಸಾಮಾನ್ಯವಾಗಿ ಒಂದು ಹಳದಿ ಗಿಡವಿರುತ್ತದೆ. ಅಷ್ಟರಿಂದ ಯಾರೂ ಏನನ್ನೂ ಹೇಳಲಾರರು. ಸೊರಗು ರೋಗದಲ್ಲಿ ಬೇರು ಹೊರಗಿನಿಂದ ನೆಟ್ಟಗೇ ಕಾಣುತ್ತದೆ, ಉದ್ದಕ್ಕೆ ಸೀಳಿದರೆ ಒಳಗೆ ಕಂದುಗಪ್ಪು ಗೆರೆಯಿರುತ್ತದೆ. ಒಣ ಬೇರುಕೊಳೆಯಲ್ಲಿ ತಾಯಿಬೇರೇ ಲಟಕ್ಕನೆ ಮುರಿಯುವಂತಾಗಿ ಪಕ್ಕದ ಬೇರುಗಳು ಉದುರಿಹೋಗಿರುತ್ತವೆ. ಆದ್ದರಿಂದ ಬೇಕಾದದ್ದು ಮೂರು ಚಿತ್ರ: ಬಾಡಿದ ಗಿಡಗಳು ಹೊಲದಲ್ಲಿ ಎಲ್ಲೆಲ್ಲಿ ಹರಡಿವೆ ಎಂದು ತೋರುವ ದೂರದ ನೋಟ, ಬೇರುಸಹಿತ ಕಿತ್ತ ಇಡೀ ಗಿಡ, ಸೀಳಿದ ಬೇರು. ಮೂರನೆಯದಕ್ಕೆ ಹೂವಿನ ಗುರುತುಳ್ಳ ಮ್ಯಾಕ್ರೋ ಒತ್ತಿಗೆ ಬೇಕು. ಇಲ್ಲಿ ಚಿಕ್ಕ ಸೆನ್ಸರಿನ ಬಡತನವೇ ವರವಾಗುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಬೇರಿನ ಒಂದು ಅಂಚು ಸ್ಪಷ್ಟವಾಗಿ ಉಳಿದದ್ದು ಮಸುಕಾದರೆ, ಕಾಂಪ್ಯಾಕ್ಟ್‌ನಲ್ಲಿ ಬಹುಭಾಗ ಸ್ಪಷ್ಟವಾಗಿ ಮೂಡುತ್ತದೆ. ಪಕ್ಕದಲ್ಲೊಂದು ನಾಣ್ಯವಿಟ್ಟು, ಛತ್ರಿಯ ನೆರಳಿನಲ್ಲಿ ತೆಗೆಯುವುದು ಒಳಿತು.

ನೆರಳೆಂದಾಗ ಎರೆಮಣ್ಣಿನ ಇನ್ನೊಂದು ತೊಡಕನ್ನು ಹೇಳಬೇಕು. ಕ್ಯಾಮೆರಾ ತನ್ನೆದುರಿನದನ್ನೆಲ್ಲ ಸರಾಸರಿ ಬೂದುಬಣ್ಣವೆಂದು ಊಹಿಸಿ ಬೆಳಕನ್ನು ಅಳೆಯುತ್ತದೆ. ಹೊಸದಾಗಿ ಹರಗಿದ ಕರಿಹೊಲ ಅದರ ಕಣ್ಣಿಗೆ ಕತ್ತಲೆ, ಆದ್ದರಿಂದ ಬೆಳಕನ್ನು ಹೆಚ್ಚಿಸಿ ಎರೆಯನ್ನು ಬೂದಿಯ ಬಣ್ಣಕ್ಕೆ ತರುತ್ತದೆ, ಮೇಲಿನ ಆಕಾಶ ಸುಣ್ಣವಾಗುತ್ತದೆ. ಕೂಡಿಸು-ಕಳೆ ಗುರುತಿನ ಒತ್ತಿಗೆಯಲ್ಲಿ ಒಂದು ಮೆಟ್ಟಿಲು ಕಳೆದರೆ ಮಣ್ಣು ಮಣ್ಣಾಗಿ ಕಾಣುತ್ತದೆ. ಅಮೃತೇಶ್ವರ ಗುಡಿಯ ಕಂಬಗಳ ನಡುವೆ ತೊಡಕು ಬೇರೆ. ಅಲ್ಲಿ ಫ್ಲ್ಯಾಶ್ ಹೊಡೆದರೆ ಮುಂದಿನ ಕಂಬ ಬೆಳ್ಳಗಾಗಿ ಹಿಂದಿನವು ಕತ್ತಲಲ್ಲಿ ಮುಳುಗುತ್ತವೆ. ಫ್ಲ್ಯಾಶ್ ಆರಿಸಿ, ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು, ಎರಡು ಸೆಕೆಂಡಿನ ಟೈಮರ್ ಹಚ್ಚಿ ಕೈ ತೆಗೆದರೆ ಚಾಲುಕ್ಯರ ಕುಶಲಿಗಳು ಕಡೆದ ಬಳೆಯಂಚುಗಳು ಒಂದೊಂದಾಗಿ ಎಣಿಸುವಂತೆ ಮೂಡುತ್ತವೆ.

ಕೊಳ್ಳುವವರು ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಡಿಯ ಹೊರಗೆ ನಿಂತು ಕ್ಯಾಮೆರಾದ ಪರದೆ ಕಾಣುತ್ತದೆಯೇ ಎಂದು ನೋಡಲಿ. ಈ ಬಯಲಿನಲ್ಲಿ ಮರೆಯೇ ಇಲ್ಲ, ಪರದೆ ಕನ್ನಡಿಯಾದರೆ ಹೊಡೆದದ್ದು ಕುರುಡೇಟು. ಕಣ್ಣಿಟ್ಟು ನೋಡುವ ಕಿಂಡಿಯಿದ್ದರೆ ಬಹಳ ಮೇಲು. ಮುಂದಕ್ಕೆ ಚಾಚುವ ಲೆನ್ಸಿನ ಕೊಳವೆಗೆ ಎರೆಯ ಧೂಳು ಶತ್ರು. ರಾಶಿಯ ದಿನಗಳಲ್ಲಿ ಕ್ಯಾಮೆರಾ ಪ್ಲಾಸ್ಟಿಕ್ ಚೀಲದಲ್ಲಿರಲಿ, ಒರೆಸುವ ಮೊದಲು ಊದುಗೊಳವೆಯಿಂದ ಧೂಳು ಹಾರಿಸಲಿ. ಈಚೆಗೆ ಎರಡು ದಶಕ ಹಳೆಯ ಕಾಂಪ್ಯಾಕ್ಟ್‌ಗಳನ್ನು ಹುಡುಕಿ ಕೊಳ್ಳುವ ಶೋಕಿ ಯುವಕರಲ್ಲಿ ಹಬ್ಬಿದೆ. ಕೊಳ್ಳಲಿ, ಮನೆಯ ಕಪಾಟಿನಲ್ಲಿ ಮಲಗಿದ್ದರೆ ಇನ್ನೂ ಒಳಿತು, ಹೊಸದೊಂದು ತ್ಯಾಜ್ಯ ತಪ್ಪೀತು. ಆದರೆ ಎಕ್ಸ್‌ಡಿ ಎಂಬ ಹಳೆಯ ಕಾರ್ಡಿನ ತಯಾರಿಕೆಯೇ ನಿಂತುಹೋಗಿದೆ. ಎಸ್‌ಡಿ ಕಾರ್ಡಿನ ಬಹಳ ಹಳೆಯ ಯಂತ್ರಗಳು 2 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದಿಲ್ಲ. ಬ್ಯಾಟರಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ತೋಡುವಾಗ ಮನುಷ್ಯರ ತಲೆಬುರುಡೆಗಳು ನೂರಾರು ಸಂಖ್ಯೆಯಲ್ಲಿ ಕಂಡವು. ಅವು ಯಾವ ಕಾಲದವು, ಆ ಜನ ಬರದಿಂದ ಸತ್ತರೋ ಕಾಳಗದಿಂದಲೋ ಎಂಬ ಚರ್ಚೆ ನಾಡಿನಾದ್ಯಂತ ನಡೆಯಿತು. ಇಂಥ ಗಳಿಗೆಯಲ್ಲಿ ತಜ್ಞರು ಬರುವ ಮುನ್ನ ಅಲ್ಲಿರುವುದು ಊರವರ ಕಿಸೆಯ ಕ್ಯಾಮೆರಾ ಮಾತ್ರ. ಮಣ್ಣಿನಿಂದ ಒಮ್ಮೆ ಎತ್ತಿದ ವಸ್ತುವನ್ನು ಮತ್ತೆ ಇದ್ದಂತೆ ಇಡಲು ಬರುವುದಿಲ್ಲ. ಯಾವುದನ್ನೂ ಮುಟ್ಟದೆ, ಮೊದಲು ಸುತ್ತಲಿನ ಕಟ್ಟಡ ಕಾಣುವಂತೆ ದೂರದಿಂದ, ಬಳಿಕ ಗುಂಡಿಯ ಅಂಚಿನ ಮಣ್ಣಿನ ಪದರಗಳು ಕಾಣುವಂತೆ, ಕೊನೆಗೆ ಅಳತೆಪಟ್ಟಿಯೊಡನೆ ಹತ್ತಿರದಿಂದ ತೆಗೆದ ಚಿತ್ರಗಳು ಇಂಥ ಚರ್ಚೆಗೆ ನೆಲೆ ಒದಗಿಸುತ್ತವೆ. ಬೆಣ್ಣೆಹಳ್ಳಕ್ಕೂ ಇದೇ ಕ್ರಮ. ನೆರೆ ಬಂದ ದಿನ ಎಲ್ಲರೂ ಚಿತ್ರ ತೆಗೆಯುತ್ತಾರೆ. ಬೇಸಿಗೆಯಲ್ಲಿ ಅದೇ ಸೇತುವೆಯ ಅದೇ ಕಂಬದೆದುರು ನಿಂತು ತೆಗೆದವರು ಅಪರೂಪ. ಆ ಬೇಸಿಗೆಯ ಚಿತ್ರವಿಲ್ಲದೆ ನೀರು ಎಷ್ಟು ಏರಿತೆಂದು ತೋರಿಸುವುದು ಕಷ್ಟ, ಹಳ್ಳದ ಪಾತ್ರವನ್ನು ಯಾರು ಎಷ್ಟು ಒತ್ತಿದರೆಂದು ತೋರಿಸುವುದು ಇನ್ನೂ ಕಷ್ಟ. ತಿಂಗಳಿಗೊಮ್ಮೆ, ನಿಗದಿತ ಕಲ್ಲಿನ ಮೇಲೆ ನಿಂತು, ಜೂಮ್ ಮುಟ್ಟದೆ ಒಂದು ಚಿತ್ರ ತೆಗೆಯಲು ಶಾಲೆಯ ಮಕ್ಕಳೇ ಸಾಕು.

ಈ ಕೆಲಸಕ್ಕೆ ಕ್ಯಾಮೆರಾದೊಳಗಿನ ಗಡಿಯಾರ ಲೆನ್ಸಿನಷ್ಟೇ ಮುಖ್ಯ. ಬಹುಕಾಲ ಬ್ಯಾಟರಿಯಿಲ್ಲದೆ ಬಿದ್ದಿದ್ದ ಯಂತ್ರ ತನ್ನ ದಿನಾಂಕವನ್ನು ಮರೆತು ಯಾವುದೋ ಜನವರಿ ಒಂದಕ್ಕೆ ಹಿಂದಿರುಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದ ಚಿತ್ರದ ಗಾತ್ರ ಕುಗ್ಗುತ್ತದೆ, ಒಳಗಿನ ದಿನಾಂಕ, ಸ್ಥಳಗಳ ವಿವರವೂ ಅಳಿಯುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇಂಥ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನೂ, ಅದರಲ್ಲಿ ಕಡತದ ಹ್ಯಾಶ್ ಎಂಬ ಗುರುತುಸಂಖ್ಯೆಯನ್ನೂ ಕೇಳುತ್ತದೆ. ಬೆಳಕು ತಿದ್ದಿ ಅಂಚು ಕತ್ತರಿಸಿದೊಡನೆ ಆ ಸಂಖ್ಯೆ ಬದಲಾಗುತ್ತದೆ. ತಿದ್ದುವುದಿದ್ದರೆ ಪ್ರತಿಯನ್ನು ತಿದ್ದಬೇಕು. ಮೂಲವನ್ನು ಎರಡು ಬೇರೆ ಬೇರೆ ಮನೆಗಳಲ್ಲಿ ಎರಡು ಡಿಸ್ಕುಗಳಲ್ಲಿ ಇಟ್ಟು, ಊರು, ಹೊಲ, ಮುಖ ಮಾಡಿದ ದಿಕ್ಕು, ತೆಗೆದವರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಶಾಯಿಯಿಂದ ಬರೆದಿಡಬೇಕು. ವರ್ಷಕ್ಕೆ ಹನ್ನೆರಡು ಚಿತ್ರಗಳನ್ನು ಗದಗ ಅಥವಾ ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಕಾಗದಕ್ಕಿಳಿಸಿ ಶಾಲೆಯ ಗೋಡೆಗೆ ತೂಗುಹಾಕಿದರೆ, ಆ ಕಲ್ಲಿನ ಮೇಲೆ ಮುಂದಿನ ವರ್ಷ ಯಾರು ನಿಲ್ಲಬೇಕೆಂದು ಮಕ್ಕಳೇ ತಮ್ಮೊಳಗೆ ಜಗಳವಾಡಿ ತೀರ್ಮಾನಿಸುತ್ತಾರೆ.