ಮಗನ ಮೊದಲ ಬೇಟೆ



ಮಕ್ಕಳಿಗೆ ಸಂಸ್ಕಾರ ಕೊಡುವುದು ಹೇಗೆ ಎಂಬ ವಿಷಯವಾಗಿ ಈ ಸಭೆಯಲ್ಲಿ ಹಲವು ಸಲ ವಿಚಾರ ಮಾಡಿದ್ದೇವೆ. ಇಂದು ಅದೇ ವಿಷಯಕ್ಕೆ ಒಂದು ವಿಚಿತ್ರವಾದ ದೃಷ್ಟಾಂತವನ್ನು ತೆಗೆದುಕೊಳ್ಳುತ್ತೇವೆ. ಅದು ಬೇಟೆಯ ದೃಷ್ಟಾಂತ. ಮಠದಲ್ಲಿ ಕುಳಿತು ಬೇಟೆಯ ಮಾತೇ ಎಂದು ಕೆಲವರು ಹುಬ್ಬೇರಿಸಬಹುದು. ಸ್ವಲ್ಪ ತಾಳಿರಿ. ಪೂರ್ತಿ ಕೇಳಿದ ಮೇಲೆ ಬೇಡವೆನಿಸಿದ್ದನ್ನು ಇಲ್ಲಿಯೇ ಬಿಟ್ಟು ಹೋಗಿರಿ.

ಅಮೆರಿಕದಲ್ಲಿ ವಿಸ್ಕಾನ್ಸಿನ್ ಎಂಬ ರಾಜ್ಯವಿದೆ. ಅಲ್ಲಿ ಪ್ರತಿ ವರುಷ ನವೆಂಬರ್ ತಿಂಗಳಿನಲ್ಲಿ, ಅವರ ಕೃತಜ್ಞತಾ ಹಬ್ಬದ ಹಿಂದಿನ ಶನಿವಾರದಿಂದ ತೊಡಗಿ 9 ದಿನ ಬಂದೂಕಿನಿಂದ ಜಿಂಕೆಯ ಬೇಟೆಯಾಡಲು ಸರಕಾರ ಅನುಮತಿ ಕೊಡುತ್ತದೆ. ತಂದೆ ಮಗನನ್ನೋ ಮಗಳನ್ನೋ ಮೊದಲ ಸಲ ಕಾಡಿಗೆ ಕರೆದುಕೊಂಡು ಹೋಗುವುದು ಆ ಜನರಲ್ಲಿ ಒಂದು ಮನೆತನದ ಪದ್ಧತಿ. ಆ ದೇಶದಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಮಕ್ಕಳೂ ಇಂಥ ನೆರೆಹೊರೆಯಲ್ಲಿಯೇ ಬೆಳೆಯುತ್ತಾರೆ. ಅಂಥ ಮಗುವೊಂದು ಮನೆಗೆ ಬಂದು, “ಅಪ್ಪಾ, ನನ್ನ ಗೆಳೆಯ ಅವನ ಅಪ್ಪನ ಜೊತೆ ಜಿಂಕೆ ಹೊಡೆಯಲು ಹೋಗಿದ್ದನಂತೆ. ಅವನ ಅಪ್ಪ ಕೆಟ್ಟವನೇ?” ಎಂದು ಕೇಳಿದರೆ ನೀವು ಏನು ಹೇಳುವಿರಿ? ಇದೇ ಇಂದಿನ ಪ್ರಶ್ನೆ.

ಉತ್ತರ ಹೇಳುವ ಮೊದಲು ಆ ತಂದೆ ಮಗನಿಗೆ ಏನು ಕಲಿಸುತ್ತಾನೆ ಎಂಬುದನ್ನು ನೋಡೋಣ. 1973ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಅಲ್ಲಿ ಸಾಮಾನ್ಯವಾಗಿ ಬೇಟೆಯ ಶಿಕ್ಷಣ ಪಡೆದೇ ಪರವಾನಗಿ ಪಡೆಯಬೇಕು. 2017ರಲ್ಲಿ ಕನಿಷ್ಠ ವಯಸ್ಸಿನ ಕಟ್ಟನ್ನು ತೆಗೆದುಹಾಕಿದರು. ಆದರೆ ಶಿಕ್ಷಣವಿಲ್ಲದ ಮಗು ಬಂದೂಕು ಹಿಡಿದಾಗ ಹಿರಿಯರೊಬ್ಬರು ಕೈಗೆಟುಕುವಷ್ಟು ಹತ್ತಿರ ಇರಲೇಬೇಕೆಂಬ ನಿಯಮವಿದೆ. ಪಾಠಗಳೋ, ಬಹಳ ಸರಳ. ಪ್ರತಿಯೊಂದು ಬಂದೂಕಿನಲ್ಲಿಯೂ ಗುಂಡು ಇದೆ ಎಂದೇ ತಿಳಿ. ಅದರ ಮೂತಿಯನ್ನು ಯಾರ ಕಡೆಗೂ ತಿರುಗಿಸಬೇಡ. ಗುರಿಯೇನೆಂದು ಖಚಿತವಾಗದೆ, ಗುರಿಯ ಹಿಂದೆ ಏನಿದೆ ಎಂಬುದೂ ಖಚಿತವಾಗದೆ ಹೊಡೆಯಬೇಡ. ಹೊಡೆಯುವ ಗಳಿಗೆ ಬರುವ ತನಕ ಬೆರಳನ್ನು ಕುದುರೆಯ ಮೇಲೆ ಇಡಬೇಡ. ಇಷ್ಟೇ ಅಲ್ಲ. ಗಾಯಗೊಂಡ ಪ್ರಾಣಿಯನ್ನು ನರಳಲು ಬಿಟ್ಟು ಮನೆಗೆ ಬರಬೇಡ, ರಕ್ತದ ಜಾಡು ಹಿಡಿದು ಹುಡುಕು. ಕೊಂದದ್ದನ್ನು ವ್ಯರ್ಥ ಮಾಡಬೇಡ.

ಕೊಲ್ಲಲು ಹೊರಟವನಿಗೆ ಹೇಳುವ ಪಾಠದಲ್ಲಿ ಎಷ್ಟು ‘ಬೇಡ’ಗಳಿವೆ ನೋಡಿರಿ! ಮುಂಜಾನೆಯ ಕೊರೆಯುವ ಚಳಿಯಲ್ಲಿ ಕೂತ ಹುಡುಗನ ಮುಂದೆ ಜಿಂಕೆ ಬಂದು ನಿಂತಿದೆ. ಎದೆ ಡವಗುಟ್ಟುತ್ತಿದೆ. ಆದರೆ ಅದರ ಹಿಂದೆ ಪೊದೆ, ಪೊದೆಯಾಚೆ ಏನಿದೆಯೋ ಕಾಣದು. ತಂದೆ ಮೆಲ್ಲನೆ, “ಬೇಡ, ಬಿಡು” ಎನ್ನುತ್ತಾನೆ. ಮಗ ಬಂದೂಕು ಇಳಿಸುತ್ತಾನೆ. ಕೈಗೆ ಬಂದದ್ದನ್ನು ಬಿಟ್ಟುಕೊಡುವ ಈ ಒಂದು ಗಳಿಗೆಯ ಬೆಲೆ ದೊಡ್ಡದು. ನಮ್ಮ ಮಕ್ಕಳಿಗೆ ಅದನ್ನು ನಾವು ಎಲ್ಲಿ ಕಲಿಸುತ್ತಿದ್ದೇವೆ?

ಆ ನಾಡಿನಲ್ಲಿ ಆಲ್ಡೊ ಲಿಯೊಪೋಲ್ಡ್ ಎಂಬ ಹಿರಿಯರಿದ್ದರು. ಹುಟ್ಟಿದ್ದು 1887ರಲ್ಲಿ, ಅಯೋವಾ ರಾಜ್ಯದ ಬರ್ಲಿಂಗ್ಟನ್ ಎಂಬ ಊರಿನಲ್ಲಿ. ತಂದೆ ಕಾರ್ಲ್ ಲಿಯೊಪೋಲ್ಡ್ ಬೇಟೆಗಾರ. ಮಗನಿಗೆ ಬಂದೂಕು ಕೊಟ್ಟಾಗ ಆತ ಒಂದು ಕಟ್ಟು ಹಾಕಿದ: ಮರದ ಮೇಲೆ ಕೂತ ಹಕ್ಕಿಯನ್ನು ಹೊಡೆಯಕೂಡದು, ಹಾರುವುದನ್ನು ಹೊಡೆಯಲು ಕಲಿಯಬೇಕು. ಕೂತ ಹಕ್ಕಿ ಸುಲಭದ ತುತ್ತು, ಹಾರುವುದು ಮಗುವಿನ ಕೈಗೆ ಸಿಕ್ಕುವುದೇ ಇಲ್ಲ. ಕಾಡಿನಲ್ಲಿ ತಂದೆ ಪಕ್ಕದಲ್ಲಿರಲಿಲ್ಲ. ಹುಡುಗ ಹೊಡೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೂ ಹೊಡೆಯಲಿಲ್ಲ. ತಾನು ಕಲಿತ ಧರ್ಮದ ಮೊದಲ ಪಾಠ ಅದೇ ಎಂದು ಮುಪ್ಪಿನಲ್ಲಿ ಬರೆದರು. ಆ ತಂದೆಯಾದರೂ ಎಂಥವನು? ಮರಿ ಮಾಡುವ ವಸಂತಕಾಲದಲ್ಲಿ ನೀರುಹಕ್ಕಿಗಳನ್ನು ಹೊಡೆಯುವುದನ್ನು ಕಾನೂನು ಬರುವ ಮೊದಲೇ ತಾನಾಗಿ ನಿಲ್ಲಿಸಿದವನು. ತಾನು ಆಚರಿಸಿ ಮಗನಿಗೆ ಹೇಳಿದ, ಆದ್ದರಿಂದ ಮಾತು ನಾಟಿತು.

ಇದೇ ಲಿಯೊಪೋಲ್ಡರು 1909ರಲ್ಲಿ ಅರಣ್ಯ ಇಲಾಖೆಯ ತರುಣ ನೌಕರರಾಗಿ ಅರಿಜೋನಾದ ಬೆಟ್ಟಗಳಲ್ಲಿದ್ದರು. ತೋಳ ಕಡಿಮೆಯಾದರೆ ಜಿಂಕೆ ಹೆಚ್ಚುತ್ತದೆ, ಬೇಟೆಗಾರನಿಗೆ ಸ್ವರ್ಗವಾಗುತ್ತದೆ ಎಂದು ನಂಬಿ ಒಂದು ತಾಯಿತೋಳಕ್ಕೆ ಗುಂಡು ಹಾರಿಸಿದರು. ಹತ್ತಿರ ಹೋದಾಗ ಸಾಯುವ ಪ್ರಾಣಿಯ ಕಣ್ಣಿನ ಬೆಳಕು ಆರುವುದನ್ನು ಕಂಡರು. ಮುಂದೆ ತೋಳಗಳಿಲ್ಲದ ಬೆಟ್ಟಗಳಲ್ಲಿ ಜಿಂಕೆಗಳು ಮಿತಿಮೀರಿ, ಚಿಗುರೆಲ್ಲ ಬೋಳಾಗಿ, ಕೊನೆಗೆ ಜಿಂಕೆಗಳೇ ಹಸಿವಿನಿಂದ ಸತ್ತುದನ್ನು ಬರೆದರು. ಅವರು 1948ರಲ್ಲಿ ತೀರಿಕೊಂಡರು, ಗ್ರಂಥ 1949ರಲ್ಲಿ ಹೊರಬಂತು. ಬಿಳಿಬಾಲದ ಜಿಂಕೆಯ ಕಥೆಯೂ ಹಾಗೆಯೇ. 1900ರ ಸುಮಾರಿಗೆ ಆ ದೇಶದಲ್ಲೆಲ್ಲ 5 ಲಕ್ಷಕ್ಕಿಂತ ಹೆಚ್ಚು ಉಳಿದಿರಲಿಲ್ಲವೆಂದು ಅಂದಾಜು. ಮನುಷ್ಯನ ಆಸೆ ಅಷ್ಟು ಕೊಂದಿತ್ತು. ಕಟ್ಟುನಿಟ್ಟು ಬಂದ ಮೇಲೆ ಇಂದು ಸುಮಾರು 3 ಕೋಟಿಯಾಗಿವೆ. ತಿನ್ನುವ ತೋಳ ಬಹಳ ಕಡೆ ಇಲ್ಲ, ಆ ಕೆಲಸ ಬೇಟೆಗಾರನ ಪಾಲಿಗೆ ಬಂದಿದೆ.

ಹಾಗಾದರೆ ಬುದ್ಧಿಯವರು ಬೇಟೆ ಸರಿಯೆನ್ನುತ್ತಾರೆಯೇ? ಇಲ್ಲ. ನಮ್ಮ ಮಾರ್ಗ ದಯೆಯ ಮಾರ್ಗ. ಜೀವ ತೆಗೆಯದೆ ಬದುಕಲು ದಾರಿಯಿರುವವನು ಜೀವ ತೆಗೆಯಬಾರದು, ಇದರಲ್ಲಿ ಸಂದೇಹವಿಲ್ಲ. ಜಿಂಕೆಯ ನೋವು ಎಲ್ಲ ದೇಶದಲ್ಲಿಯೂ ನೋವೇ. ಆದರೆ ಮಾಂಸ ಮುಟ್ಟುವುದಿಲ್ಲ ಎಂಬುದೊಂದರಿಂದಲೇ ನಾವು ದಯಾವಂತರಾಗಿಬಿಟ್ಟೆವೇ? ಹೊಲದ ಬೇಲಿಗೆ ಕಳ್ಳತನದಿಂದ ವಿದ್ಯುತ್ ಹರಿಸಿ ಆನೆಯನ್ನು ಸಾಯಿಸುವವರು ನಮ್ಮ ನಾಡಿನವರೇ. ಹಂದಿಗೆಂದು ತಂತಿಯ ಉರುಳು ಹಾಕಿ, ಅದರಲ್ಲಿ ಏನು ಬಿತ್ತೆಂದು ನೋಡಲೂ ಹೋಗದವರಿದ್ದಾರೆ. ತಂತಿಗೆ ಗುರಿಯಿಲ್ಲ, ಸಂಯಮವಿಲ್ಲ. ಅದರ ಪಕ್ಕದಲ್ಲಿ “ಬಿಡು” ಎನ್ನುವ ತಂದೆಯೂ ಇಲ್ಲ.

ಕಣ್ಣಪ್ಪನನ್ನು ನೆನೆಯಿರಿ. ಪೆರಿಯಪುರಾಣದ ಕಥೆಯಲ್ಲಿ ಬೇಡರ ಒಡೆಯ ನಾಗನು ಮುಪ್ಪಾಗಿ, ಮಗ ತಿಣ್ಣನನ್ನು ಮೊದಲ ಬೇಟೆಗೆ ಕಳುಹಿಸುತ್ತಾನೆ. ತಿಣ್ಣ ಒಂದು ಹಂದಿಯನ್ನು ಬೆನ್ನಟ್ಟಿ ಕೊಂದು, ಕಾಳಹಸ್ತಿಯ ಬೆಟ್ಟದಲ್ಲಿ ಶಿವನನ್ನು ಕಾಣುತ್ತಾನೆ. ಬಾಣ ಹಿಡಿದ ಕೈಯೇ ಆರು ದಿನದೊಳಗೆ ತನ್ನ ಕಣ್ಣನ್ನು ಕಿತ್ತು ಕೊಡುತ್ತದೆ. ನಮ್ಮ ಹರಿಹರ ಕವಿಯೂ ಆತನನ್ನು ರಗಳೆಯಲ್ಲಿ ಹಾಡಿದ್ದಾನೆ. ಬೇಡನೆಂದು ಶಿವನೇ ದೂರ ಮಾಡದಿರುವಾಗ ನಾವು ಯಾರು ದೂರ ಮಾಡಲಿಕ್ಕೆ? ಆದ್ದರಿಂದ ಆ ಮಗುವಿಗೆ ಹೀಗೆ ಹೇಳಿರಿ: “ಮಗು, ಅವನ ಅಪ್ಪ ಕೆಟ್ಟವನಲ್ಲ. ತನಗೆ ತಿಳಿದ ಮಟ್ಟಿಗೆ ಮಗನಿಗೆ ಮಿತಿಯನ್ನು ಕಲಿಸುತ್ತಿದ್ದಾನೆ. ನಾವು ಮಾತ್ರ ಕೊಲ್ಲುವುದಿಲ್ಲ, ಏಕೆಂದರೆ ಆ ಜೀವವೂ ನಮ್ಮ ಹಾಗೆಯೇ ಬದುಕಲು ಬಯಸುತ್ತದೆ.” ಹೀಗೆಂದರೆ ಮಗು ಗೆಳೆಯನನ್ನೂ ಕಳೆದುಕೊಳ್ಳುವುದಿಲ್ಲ, ದಯೆಯನ್ನೂ ಕಳೆದುಕೊಳ್ಳುವುದಿಲ್ಲ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆ, ಕಡವೆ, ಕೃಷ್ಣಮೃಗಗಳ ಬೇಟೆ ಅಪರಾಧ. ಬಂಡೀಪುರ, ನಾಗರಹೊಳೆಗಳಲ್ಲಿ ಹುಲಿಯೂ ಕಾಡುನಾಯಿಯೂ ಇನ್ನೂ ಇವೆ, ಅವುಗಳ ಕೆಲಸವನ್ನು ನಾವು ಮಾಡಬೇಕಾಗಿಲ್ಲ. ಆದರೂ ಮಗನನ್ನು ಕಾಡಿಗೆ ಕರೆದುಕೊಂಡು ಹೋಗಿರಿ, ಬರಿಗೈಯಲ್ಲಿ ಹೋಗಿರಿ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗ ನೆಗೆಯುವುದನ್ನು ತೋರಿಸಿರಿ. ಸದ್ದು ಮಾಡದೆ ಕೂರಲು, ಕಾಯಲು, ಕಂಡದ್ದನ್ನೆಲ್ಲ ತನ್ನದೆನ್ನದಿರಲು ಕಲಿಸಿರಿ. ಮನೆಯಲ್ಲಿ ಅವನ ಕೈಯ ಕವಣೆಯನ್ನು ಕಿತ್ತೆಸೆಯುವ ಮೊದಲು, ಗುಬ್ಬಿಗೆ ಏಕೆ ಹೊಡೆಯಬಾರದೆಂದು ಕೂರಿಸಿಕೊಂಡು ತಿಳಿಸಿ ಹೇಳಿರಿ. ಕಿತ್ತುಕೊಂಡರೆ ಅವನು ನಿಮಗೆ ಕಾಣದಂತೆ ಇನ್ನೊಂದನ್ನು ಮಾಡಿಕೊಳ್ಳುತ್ತಾನೆ. ತಿಳಿದರೆ ನೀವು ಇಲ್ಲದಾಗಲೂ ಅವನ ಕೈ ತಾನಾಗಿ ತಡೆಯುತ್ತದೆ.

ಹಾಗೆ ಕೈ ತಡೆಯುವ ಮಕ್ಕಳು ನಿಮ್ಮ ಮನೆಗಳಲ್ಲಿ ಬೆಳೆಯಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.