ಪಂಜುರ್ಲಿ ಹಂದಿಯೇ ಆಗಿರಲಿ



ನಮ್ಮೂರಿನ ಜೈನ ಗುರುಬಸದಿಯ ಐತಿಹ್ಯ ನಿಮಗೆಲ್ಲ ಗೊತ್ತು. ಬಿದಿರ ಮೆಳೆಯ ನಡುವೆ ಹುಲಿಯೂ ಹಸುವೂ ಒಂದೇ ಹೊಂಡದ ನೀರು ಕುಡಿಯುವುದನ್ನು ಮುನಿಗಳು ಕಂಡರು. ಅಲ್ಲಿ ಅಗೆಸಿದಾಗ ಪಾರ್ಶ್ವನಾಥಸ್ವಾಮಿಯ ಬಿಂಬ ದೊರೆಯಿತು. ಆ ಹುಲಿ ಹಗೆ ಮರೆತಿತ್ತು. ನಾನಿವತ್ತು ಹೇಳಬೇಕೆಂದಿರುವುದು ಹಗೆ ಮರೆಯದ ಒಂದು ಪ್ರಾಣಿಯ, ಹಂದಿಯ ವಿಷಯ.

2022ರಲ್ಲಿ ‘ಕಾಂತಾರ’ ಸಿನಿಮಾ ಬಂದ ಮೇಲೆ ತುಳುನಾಡಿನ ದೈವ ಪಂಜುರ್ಲಿಯನ್ನು ದೇಶವೆಲ್ಲ ಬಲ್ಲದು. ಆ ಸಿನಿಮಾದ ಒಂದು ಹಾಡಿನ ಹೆಸರೇ ‘ವರಾಹ ರೂಪಂ’. ಪಂಜುರ್ಲಿಯೆಂದರೆ ವಿಷ್ಣುವಿನ ವರಾಹಾವತಾರ ಎಂಬ ಮಾತು ಈಗ ವೇದಿಕೆಗಳಲ್ಲಿ ಸಲೀಸಾಗಿ ಬರುತ್ತದೆ. ಹೇಳುವವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಮಾತಿಗೆ ಮಾತ್ರ ಒಪ್ಪಿಗೆಯಿಲ್ಲ. ತುಳುವಿನ ‘ಪಂಜಿ’ ಹಂದಿ. ಪಂಜಿಯ ಕುರ್ಲೆ, ಅಂದರೆ ಹಂದಿಮರಿ, ಎಂದೇ ವಿದ್ವಾಂಸರು ಹೆಸರನ್ನು ಬಿಡಿಸುತ್ತಾರೆ. ದೈವದ ಕಥೆ ಹೇಳುವ ತುಳು ಹಾಡು ಪಾಡ್ದನದ ಪಾಠಗಳು ಹಲವು. ನಾವು ಹೆಚ್ಚಾಗಿ ಕೇಳುವುದರಲ್ಲಿ ಮರಿಯನ್ನು ಮುದ್ದಿನಿಂದ ಸಾಕುವವಳು ಪಾರ್ವತಿ. ಅದು ಬೆಳೆದು ಈಶ್ವರನ ಹೂದೋಟವನ್ನೇ ಹಾಳುಗೆಡಹುತ್ತದೆ, ಅವನ ಸಿಟ್ಟಿಗೆ ಸಿಕ್ಕಿ ಭೂಮಿಗಿಳಿಯುತ್ತದೆ. ವರಾಹ ಮುಳುಗಿದ ಭೂಮಿಯನ್ನು ಎತ್ತಿದವನು. ನಮ್ಮದು ತೋಟ ಅಗೆದು ಬಂದದ್ದು!

ಇದನ್ನು ನನಗೆ ಕಲಿಸಿದವರು ಶಾಲೆಯ ಕನ್ನಡ ಮಾಸ್ಟ್ರು. ಪ್ರಬಂಧದಲ್ಲಿ ನಾನೂ ‘ಪಂಜುರ್ಲಿ ಎಂದರೆ ವರಾಹ’ ಎಂದು ಬರೆದಿದ್ದೆ. ಅವರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೇಳಿದರು: “ನಿನ್ನ ಅಪ್ಪ ರಾತ್ರಿಯಿಡೀ ಗದ್ದೆ ಬದಿಯಲ್ಲಿ ಡಬ್ಬ ಬಡಿಯುವುದು ಯಾರನ್ನು ಓಡಿಸಲಿಕ್ಕೆ ಮಾರಾಯ, ವಿಷ್ಣುವನ್ನೋ?” ತರಗತಿ ನಕ್ಕಿತು. ಅವರು ನಗಲಿಲ್ಲ. ಆ ವರ್ಷ ಪಂಜುರ್ಲಿಯ ನೇಮಕ್ಕೆ ಹೋದಾಗ ಅಪ್ಪನನ್ನೇ ನೋಡುತ್ತ ನಿಂತೆ. ಸುಗ್ಗಿಯ ಪೈರು ಮಗುಚಿದ ಹಂದಿಗೆ ವಾರದ ಹಿಂದಷ್ಟೇ ಬಾಯಿಗೆ ಬಂದಂತೆ ಬೈದವರು, ದೈವದ ಕಾಲಿನ ಗಗ್ಗರದ ಸದ್ದು ಹತ್ತಿರವಾದಾಗ ಹಂದಿಮೋರೆಯ ಮೊಗದ ಎದುರು ಕೈಮುಗಿದು ತಲೆ ತಗ್ಗಿಸಿದರು. ಬೈದದ್ದೂ ನಿಜ, ಮುಗಿದದ್ದೂ ನಿಜ. ಕಾಡಿನೊಂದಿಗೆ ನಮ್ಮ ಹಿರಿಯರಿಗಿದ್ದ ನಂಟು ಈ ಎರಡರಿಂದಲೂ ಆದದ್ದೆಂದು ನಾನು ನಂಬಿದ್ದೇನೆ. ಅವರು ಪ್ರಾಣಿಯನ್ನು ಸಾಧುವಾಗಿಸಿ ಪೂಜಿಸಲಿಲ್ಲ. ಕೋರೆಯಿದ್ದ ಹಾಗೆಯೇ ಮಣೆ ಹಾಕಿ ಕೂರಿಸಿದರು.

ವರಾಹನೆಂದು ಮೇಲೇರಿಸಿದರೆ ದೈವ ವೈಕುಂಠದ್ದಾಗುತ್ತದೆ, ತೋಟಕ್ಕೆ ಬರುವ ಹಂದಿ ಬರೀ ಹಂದಿಯಾಗುತ್ತದೆ. ಆಗ ಅದಕ್ಕೆ ಉರುಳು ಇಡುವುದು ಎಷ್ಟು ಸುಲಭ! ನನ್ನ ತಕರಾರು ಇಷ್ಟೇ.

ಆದರೆ ಕಳೆದ ಮಳೆಗಾಲ ಒಂದೇ ರಾತ್ರಿಯಲ್ಲಿ ಹಂದಿ ನನ್ನ ಬಾಳೆಯ ಬುಡವೆಲ್ಲ ಅಗೆದುಹೋಯಿತು. ಬೆಳಿಗ್ಗೆ ನಾನೇ, ಇಷ್ಟೆಲ್ಲ ಹೇಳುವ ನಾನೇ, ಉರುಳು ಇಡುವವನ ಫೋನ್ ನಂಬರ್ ಕೇಳಿ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಇದುವರೆಗೆ ಫೋನ್ ಮಾಡಿಲ್ಲ. ಚೀಟಿಯನ್ನು ಹರಿದೂ ಇಲ್ಲ. ಬರುವ ನೇಮದಲ್ಲಿ ದೈವ ನನ್ನ ಕಡೆ ತಿರುಗಿ ನುಡಿ ಕೊಡುವಾಗ ಆ ಚೀಟಿ ನನ್ನ ಕಿಸೆಯಲ್ಲೇ ಇದ್ದರೆ? ಅಪ್ಪ ತಗ್ಗಿಸಿದ ಹಾಗೆ ತಲೆ ತಗ್ಗಿಸುವ ಹಕ್ಕು ನನಗೆ ಉಳಿದಿರುತ್ತದೆಯೇ?